ಹಾಸಿಗೆ ಇದ್ದಷ್ಟು ವ್ಯಾನು

ಹಳೆಯ ವ್ಯಾನೊಂದನ್ನು ಕೊಂಡು ಪ್ರಯಾಣದ ಮನೆಯಾಗಿ ಮಾಡಿಕೊಳ್ಳಲು ಕೈಯಲ್ಲಿದ್ದ ದುಡ್ಡನ್ನು ಕಾಗದದ ಮೇಲೆ ಹತ್ತು ಪಾಲು ಮಾಡಿದೆವು. ಐದು ಪಾಲು ವ್ಯಾನ್ ಕೊಳ್ಳುವುದಕ್ಕೆ. ಎರಡು ಅದರ ರಿಪೇರಿಗೆ. ಎರಡು ಒಳಗಿನ ಮನೆ ಕಟ್ಟುವುದಕ್ಕೆ. ಉಳಿದ ಒಂದನ್ನು ಏನೇ ಆದರೂ ಮುಟ್ಟಬಾರದು ಅಂತ ಅಡಿಗೆರೆ ಎಳೆದು ಬರೆದೆ. ಆ ಚೀಟಿ ಈಗಲೂ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ. ಮುಟ್ಟಬಾರದು ಅಂದ ಪಾಲೂ ಉಳಿಯಲಿಲ್ಲ.

ನಾನು ಬಡಗಿಯಲ್ಲ, ಮೆಕ್ಯಾನಿಕ್ ಅಲ್ಲ. ದಿನವಿಡೀ ಕೂತು ಮಾಡುವ ಕೆಲಸ ನನ್ನದು. ನಮ್ಮನೆಯವರಿಗೆ ಸ್ಕ್ರೂಡ್ರೈವರ್ ಹಿಡಿಯಲು ಬರುತ್ತದೆ, ಅದಕ್ಕಿಂತ ಜಾಸ್ತಿ ಹೇಳಿದರೆ ಸುಳ್ಳಾಗುತ್ತದೆ. ತಮ್ಮನಿಗೆ ಮಾತ್ರ ವೈರಿಂಗ್ ಚೆನ್ನಾಗಿ ಗೊತ್ತು. ಮೂವರೂ ರಜೆಯ ದಿನಗಳಲ್ಲಿ ಸೇರಿ ಮಾಡಿದ ಕೆಲಸ ಇದು. ಮೂರು ತಿಂಗಳಲ್ಲಿ ಮುಗಿಸುತ್ತೇವೆ ಅಂದುಕೊಂಡಿದ್ದೆವು. ಎಂಟು ತಿಂಗಳು ಹಿಡಿಯಿತು.

ವ್ಯಾನ್ ಹುಡುಕುವಾಗ ನಮ್ಮ ಕಣ್ಣು ಹೋಗುತ್ತಿದ್ದುದು ಬಣ್ಣದ ಕಡೆಗೆ, ಸೀಟಿನ ಕಡೆಗೆ. ಮೊದಲು ನೋಡಿದ ಎರಡು ವ್ಯಾನುಗಳನ್ನು ಅವುಗಳ ಅಂದಕ್ಕೇ ಕೊಂಡುಬಿಡುತ್ತಿದ್ದೆವು. ಜೊತೆಗೆ ಬಂದಿದ್ದ ಹಳೆಯ ಮೆಕ್ಯಾನಿಕ್ ಒಬ್ಬರು ತಡೆದರು. ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದರು. ಅದಕ್ಕೆ ತೆಳುಬಟ್ಟೆ ಸುತ್ತಿ ಚಕ್ರದ ಕಮಾನಿನ ಮೇಲೆ, ಬಾಗಿಲಿನ ಕೆಳಪಟ್ಟಿಯ ಮೇಲೆ ಹಾಯಿಸುತ್ತಾ ಹೋದರು. ಒಂದು ಕಡೆ ಅಯಸ್ಕಾಂತ ಹಿಡಿಯಲೇ ಇಲ್ಲ. "ಮೇಡಂ, ಇಲ್ಲಿ ತಗಡಿಲ್ಲ. ಬರೀ ಪುಟ್ಟಿ" ಅಂದರು. ಹೊಳೆಯುವ ಬಣ್ಣದ ಅಡಿಯಲ್ಲಿ ಅಂಗೈಯಗಲದ ತೂತು ಮುಚ್ಚಿಟ್ಟಿದ್ದರು.

ಅವರಿಂದ ಇನ್ನೆರಡು ವಿಷಯ ಕಲಿತೆ. ನೋಡಲು ಹೋಗುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿರಬಾರದು ಅಂತ ಮಾರುವವರಿಗೆ ಹೇಳಿರಬೇಕು. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡಬಹುದು. ಇನ್ನೊಂದು, ಟೈರಿನ ವಯಸ್ಸು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತಿರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗೆರೆಗಳು ಸವೆಯದೆ ಚೆನ್ನಾಗಿ ಕಾಣುವ ಟೈರೂ ಒಳಗೊಳಗೇ ಮುದಿಯಾಗಿರಬಹುದು.

ಐದನೆಯ ವ್ಯಾನ್ ನಮ್ಮದಾಯಿತು. ಸಾಮಾನು ಸಾಗಿಸುತ್ತಿದ್ದ ಗಾಡಿ. ಬಣ್ಣ ಮಾಸಿತ್ತು, ಬದಿಯಲ್ಲಿ ಯಾರದೋ ಕಂಪನಿಯ ಸ್ಟಿಕ್ಕರ್ ಕಿತ್ತ ಗುರುತಿತ್ತು, ಒಳಗೆ ಎಣ್ಣೆಯ ವಾಸನೆ. ಆದರೆ ಅಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಬ್ರೇಕು, ಬೆಲ್ಟು, ನಾಲ್ಕು ಟೈರು, ಆಯಿಲ್ಲು ಅಂತ ರಿಪೇರಿಯ ಎರಡು ಪಾಲು ಹದಿನೈದೇ ದಿನದಲ್ಲಿ ಮುಗಿಯಿತು. ನಮ್ಮನೆಯವರು ಗ್ಯಾರೇಜಿನ ಬಿಲ್ಲು ನೋಡಿ, "ಇಷ್ಟು ಖರ್ಚು ಮಾಡಿದ್ರೂ ತೋರಿಸೋಕೆ ಏನೂ ಇಲ್ವಲ್ಲೇ" ಅಂದರು. ಮುಂದಿನ ಎಂಟು ತಿಂಗಳೂ ಈ ಮಾತನ್ನು ಕೇಳುತ್ತಲೇ ಇದ್ದೆ.

ಕೆಲಸ ಶುರು ಮಾಡುವ ಮೊದಲು ಒಂದು ಒಳ್ಳೆಯ ಕೆಲಸ ಮಾಡಿದೆವು. ನಿಜ ಹೇಳಬೇಕೆಂದರೆ ಬುದ್ಧಿವಂತಿಕೆಯಿಂದಲ್ಲ, ತಡೆಯಲಾರದ ಆಸೆಯಿಂದ. ಬರೀ ತಗಡಿನ ವ್ಯಾನಿನಲ್ಲಿ ಒಂದು ಹಾಸಿಗೆ ಎಸೆದು ರಾತ್ರಿ ಮಲಗಿದೆವು. ವ್ಯಾನ್ ಕಟ್ಟಬೇಕು ಅನ್ನುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಆ ಒಂದು ರಾತ್ರಿ ನಮ್ಮ ನಕ್ಷೆಯಲ್ಲಿ ಅರ್ಧದಷ್ಟನ್ನು ಅಳಿಸಿಹಾಕಿತು.

ನಕ್ಷೆಯಲ್ಲಿ ಹಾಸಿಗೆ ಅಡ್ಡಲಾಗಿತ್ತು. ಹಾಗಿಟ್ಟರೆ ಜಾಗ ಜಾಸ್ತಿ ಉಳಿಯುತ್ತದೆ. ವ್ಯಾನಿನ ಒಳಗಿನ ಅಗಲ 168 ಸೆಂಟಿಮೀಟರ್. ನನಗೆ ಸರಿಯಾಗುತ್ತದೆ. ನಮ್ಮನೆಯವರ ಎತ್ತರ 176. ಎರಡೂ ಬದಿಗೆ ಶಾಖ ತಡೆಯುವ ಹಲಗೆ, ಅದರ ಮೇಲೆ ಪ್ಲೈವುಡ್ ಬಂದರೆ ಅಗಲ ಇನ್ನೂ ಏಳೆಂಟು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆಯನ್ನು ದುಡ್ಡಿನ ವಿಷಯಕ್ಕೆ ನಾನು ಅವರಿಗೆ ನೂರು ಸಲ ಹೇಳಿದ್ದೆ. ಆ ರಾತ್ರಿ ಅವರು ಮಂಡಿ ಮಡಚಿಕೊಂಡೇ ಮಲಗಿ, ಬೆಳಗ್ಗೆ ಎದ್ದು ಸೊಂಟ ಹಿಡಿದುಕೊಂಡು, "ಗಾದೆ ಸಾಕು, ಹಾಸಿಗೆ ತಿರುಗಿಸು" ಅಂದರು.

ಎರಡನೆಯದು ಇನ್ನೂ ದೊಡ್ಡ ಪಾಠ. ಬೆಳಗಿನ ಜಾವ ಹಣೆಯ ಮೇಲೆ ತಣ್ಣನೆಯ ಹನಿ ಬಿತ್ತು. ಹೊರಗೆ ಮಳೆಯಿಲ್ಲ. ಟಾರ್ಚ್ ಹಾಕಿ ನೋಡಿದರೆ ಛಾವಣಿಯ ಉಕ್ಕಿನ ಪಕ್ಕೆಲುಬುಗಳ ಉದ್ದಕ್ಕೂ ಹನಿ ಸಾಲುಗಟ್ಟಿ ನಿಂತಿದೆ. ವ್ಯಾನ್ ಸೋರುತ್ತಿದೆ ಅಂತ ಗಾಬರಿಯಾದೆವು. ಆ ವಾರವಿಡೀ ಛಾವಣಿ ಹತ್ತಿ ತೂತು ಹುಡುಕಿದ್ದೇ ಹುಡುಕಿದ್ದು. ಸಿಗಲಿಲ್ಲ. ತೂತು ಇರಲೇ ಇಲ್ಲ. ಅದು ನಮ್ಮದೇ ಉಸಿರು. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರಿನಿಂದ, ಚರ್ಮದಿಂದ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಗಾಳಿ ಸೇರುತ್ತದೆ. ಮನೆಯಲ್ಲಿ ಅದು ಗೊತ್ತಾಗುವುದಿಲ್ಲ. ಮುಚ್ಚಿದ ತಗಡಿನ ಡಬ್ಬಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ತಣ್ಣಗಿರುವ ಲೋಹ ಎಲ್ಲಿ ಸಿಗುತ್ತದೋ ಅಲ್ಲಿ ನೀರಾಗುತ್ತದೆ. ಆ ನೀರು ಪ್ಲೈವುಡ್ ಹಿಂದೆ ಸೇರಿದರೆ ಮೇಲೆ ನೋಡುವವರಿಗೆ ಏನೂ ಕಾಣುವುದಿಲ್ಲ. ಒಳಗೆ ತುಕ್ಕು, ಬೂಷ್ಟು ಸುಮ್ನೆ ಬೆಳೆಯುತ್ತಾ ಹೋಗುತ್ತವೆ.

ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಕೊನೆಗಿದ್ದ ಛಾವಣಿಯ ಗಾಳಿಕಿಂಡಿ ಒಂದೇ ರಾತ್ರಿಯಲ್ಲಿ ಮೊದಲ ಸಾಲಿಗೆ ಬಂತು. ಮುಟ್ಟಬಾರದ ಪಾಲಿಗೆ ಕೈ ಹಾಕಿದ್ದು ಆಗಲೇ.

ಅದಕ್ಕೂ ಮೊದಲು ತುಕ್ಕಿನ ಕೆಲಸ. ನೆಲದ ರಬ್ಬರ್ ಹಾಸು ಕಿತ್ತಾಗ ಅಡಿಯಲ್ಲಿ ಕಂದು ಬಣ್ಣದ ಮಚ್ಚೆಗಳು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸ್ಯಾಂಡ್‌ಪೇಪರ್ ಹಾಕಿ, ತುಕ್ಕನ್ನು ಕಪ್ಪು ಪದರವಾಗಿ ಬದಲಾಯಿಸುವ ದ್ರಾವಣ ಬಳಿದು, ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ನಾಲ್ಕು ರಜೆ ಇದರಲ್ಲೇ ಹೋಯಿತು. ಖರ್ಚು ಕಡಿಮೆ, ಬೆನ್ನು ನೋವು ಜಾಸ್ತಿ. ಇದರ ಬಗ್ಗೆ ಹೇಳುವುದಕ್ಕೆ ಬೇರೇನೂ ಇಲ್ಲ. ಮಾಡಲೇಬೇಕು, ಅಷ್ಟೇ.

ಶಾಖ ತಡೆಯಲು ಏನು ಹಾಕಬೇಕು ಅಂತ ಕೇಳಿದರೆ ಪ್ರತಿಯೊಬ್ಬರೂ ಒಂದೊಂದು ಹೇಳುತ್ತಾರೆ. ನಾವು ನೋಡಿದ್ದು ಎರಡೇ: ನೀರು ಹೀರಬಾರದು, ಅಗ್ಗವಾಗಿ ಸಿಗಬೇಕು. ಗಾಜಿನ ಉಣ್ಣೆ ಅಗ್ಗ, ಆದರೆ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಕಟ್ಟಡ ಕೆಲಸವೊಂದರಲ್ಲಿ ಉಳಿದಿದ್ದ 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಹಲಗೆಗಳು ಅರ್ಧ ಬೆಲೆಗೆ ಸಿಕ್ಕವು. ಇದು ಬಿಗಿಯಾದ ಫೋಮ್, ಥರ್ಮೋಕೋಲಿನ ಗಟ್ಟಿಮುಟ್ಟಾದ ಅಣ್ಣ ಅನ್ನಿ. ಚಪ್ಪಟೆ ಜಾಗಕ್ಕೆ ಅದು, ಬಾಗಿದ ಜಾಗಕ್ಕೆ ಬಾಗುವ ಫೋಮ್ ಹಾಳೆ. ಸಣ್ಣ ಸಂದುಗಳಿಗೆ ಅಂತ ಡಬ್ಬಿಯಿಂದ ಚಿಮ್ಮಿಸುವ ಉಬ್ಬುವ ಫೋಮ್ ತಂದೆ. ಅದೇ ನಾನು ಮಾಡಿದ ತಪ್ಪು.

ಬಾಗಿಲಿನ ಪಕ್ಕದ ಟೊಳ್ಳಿಗೆ ಒಂದು ಡಬ್ಬಿ ಪೂರ್ತಿ ಚಿಮ್ಮಿಸಿದೆ. ಸಂಜೆ ಮನೆಗೆ ಹೋದೆ. ಮಾರನೆಯ ದಿನ ಬಂದು ನೋಡಿದರೆ ಹೊರಗಿನ ತಗಡು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿದೆ. ಆ ಫೋಮಿಗೆ ಉಬ್ಬಲು ಜಾಗ ಸಾಲದಿದ್ದರೆ ತಗಡನ್ನೇ ತಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಬಾಗಿಲು, ಕೆಳಪಟ್ಟಿಗಳ ತಳದಲ್ಲಿ ನೀರು ಇಳಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ಅವನ್ನು ನಾನೇ ಮುಚ್ಚಿಬಿಟ್ಟಿದ್ದೆ. ಚಾಕು, ಇಕ್ಕಳ, ಕೊನೆಗೆ ಉಗುರು ಹಾಕಿ ಕೆತ್ತಿ ತೆಗೆದದ್ದು ಎರಡು ದಿನ. ಉಬ್ಬು ಮಾತ್ರ ಹೋಗಲಿಲ್ಲ. ಈಗಲೂ ಅಪರಿಚಿತರು ಅದನ್ನು ಮುಟ್ಟಿ, "ಯಾರು ಗುದ್ದಿದ್ದು?" ಅಂತ ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಉಪಯೋಗವಾದದ್ದು ಕಿಟಕಿಯ ಮುಚ್ಚಳ. ಮುಂದಿನ ಗಾಜು, ಬಾಗಿಲ ಗಾಜುಗಳ ಅಳತೆಗೆ ಬೆಳ್ಳಿ ಹೊಳಪಿನ ಹಾಳೆ ಕತ್ತರಿಸಿ, ಹಿಂದೆ ಹಳೆಯ ಬೆಡ್‌ಶೀಟ್ ಹೊಲಿದು ಮಾಡಿದ್ದು. ಬಿಸಿಲಿಗೂ ಚಳಿಗೂ ದೊಡ್ಡ ದಾರಿ ಗಾಜೇ ಅಲ್ವಾ. ಗೋಡೆಗೆ ತಿಂಗಳುಗಟ್ಟಲೆ ದುಡಿದವಳು ನಾನು. ಗಾಜಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಛಾವಣಿಗೆ ತೂತು ಕೊರೆಯುವ ದಿನ ಮೂವರೂ ಮಾತಿಲ್ಲದೆ ನಿಂತಿದ್ದೆವು. 40 ಸೆಂಟಿಮೀಟರ್ ಚೌಕ. ಒಮ್ಮೆ ಗರಗಸ ಇಳಿದರೆ ಮುಗಿಯಿತು, ತೇಪೆ ಹಾಕಿ ಮುಚ್ಚುವ ಮಾತಿಲ್ಲ. ಒಳಗಿನಿಂದ ಪಕ್ಕೆಲುಬುಗಳ ನಡುವಿನ ಜಾಗ ಗುರುತಿಸಿ, ನಾಲ್ಕು ಮೂಲೆಗೆ ಡ್ರಿಲ್ ಹಾಕಿ, ಆಮೇಲೆ ಮೇಲಿನಿಂದ ಕತ್ತರಿಸಿದ್ದು. ಕತ್ತರಿಸುವಾಗ ಹಾರುವ ಕಬ್ಬಿಣದ ಪುಡಿ ಛಾವಣಿಯ ಮೇಲೆ ಬಿದ್ದರೆ ಒಂದೇ ಮಳೆಗೆ ಅಲ್ಲೆಲ್ಲ ತುಕ್ಕಿನ ಚುಕ್ಕೆ ಏಳುತ್ತದೆ. ಸುತ್ತಲೂ ಕಾಗದ ಅಂಟಿಸಿಕೊಂಡಿದ್ದೆವು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಬಣ್ಣ ಬಳಿದು, ಒಣಗಲು ಬಿಟ್ಟೆವು. ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪು, ಸುತ್ತ ಅಂಚಿಗೆ ಪಾಲಿಯುರೆಥೇನ್ ಸೀಲಂಟ್. ಇಲ್ಲಿ ಅಗ್ಗದ ಸಿಲಿಕೋನ್ ಹಾಕಬೇಡಿ ಅಂತ ತಮ್ಮ ಮೊದಲೇ ಹೇಳಿದ್ದ. ಅದು ಬಿಟ್ಟುಕೊಂಡರೆ ಮತ್ತೆ ಅದೇ ಜಾಗಕ್ಕೆ ಏನೂ ಹಿಡಿಯುವುದಿಲ್ಲ, ಬಣ್ಣವೂ ಕೂರುವುದಿಲ್ಲ. ಆ ಕಿಂಡಿ ಇವತ್ತಿನವರೆಗೆ ಒಂದು ಹನಿಯೂ ಸೋರಿಲ್ಲ. ಕಿಂಡಿ ತೆಗೆದು, ಮುಂದಿನ ಕಿಟಕಿ ಒಂದು ಬೆರಳಷ್ಟು ಇಳಿಸಿದರೆ ರಾತ್ರಿಯ ಗಾಳಿ ತಾನಾಗಿ ಹರಿಯುತ್ತದೆ.

ನೆಲಕ್ಕೆ ಸ್ಕ್ರೂ ಹಾಕಲಿಲ್ಲ. ಅಡಿಯಲ್ಲಿ ಇಂಧನದ ಟ್ಯಾಂಕ್ ಇದೆ, ಬ್ರೇಕಿನ ಪೈಪು ಇದೆ. ಮೇಲೆ ನಿಂತವರಿಗೆ ಎಲ್ಲಿ ಏನಿದೆ ಗೊತ್ತಾಗುವುದಿಲ್ಲ. ಮರದ ಪಟ್ಟಿಗಳನ್ನು ಸೀಲಂಟಿನಲ್ಲೇ ಅಂಟಿಸಿ, ನಡುವೆ ಫೋಮ್ ಹಲಗೆ ಕೂರಿಸಿ, ಮೇಲೆ 12 ಮಿಲಿಮೀಟರ್ ಪ್ಲೈವುಡ್ ಹಾಸಿದೆವು. ಸಾಮಾನು ಕಟ್ಟಲೆಂದು ಕಂಪನಿಯೇ ಕೊಟ್ಟಿದ್ದ ಬೋಲ್ಟುಗಳ ಜಾಗದಲ್ಲೇ ಅದನ್ನು ಬಿಗಿದದ್ದು.

ಮರಗೆಲಸ ಶುರುವಾದಾಗ ರಸಮಟ್ಟ ತಂದೆ. ಎಷ್ಟು ಸಲ ಇಟ್ಟರೂ ಗುಳ್ಳೆ ನಡುವೆ ನಿಲ್ಲುತ್ತಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ಹೊಳೆಯಿತು: ವ್ಯಾನೇ ಇಳಿಜಾರಿನಲ್ಲಿ ನಿಂತಿದೆ! ವ್ಯಾನಿನಲ್ಲಿ ನೇರ ಗೋಡೆಯೂ ಇಲ್ಲ, ಲಂಬ ಕೋನವೂ ಇಲ್ಲ. ನೆಲದಿಂದ ಅಳೆಯಬೇಕು, ಗೋಡೆಯ ಆಕಾರಕ್ಕೆ ರಟ್ಟು ಕತ್ತರಿಸಿ ನೋಡಬೇಕು. ಹಳೆಯ ಪೆಟ್ಟಿಗೆಗಳ ರಟ್ಟನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ ಸರಿ ಕೂತ ಮೇಲೆ ಅದನ್ನು ಪ್ಲೈವುಡ್ ಮೇಲಿಟ್ಟು ಗೆರೆ ಎಳೆಯುವುದು. ರಟ್ಟು ಹಾಳಾದರೆ ಇನ್ನೊಂದು ರಟ್ಟು. ಪ್ಲೈವುಡ್ ಹಾಳಾದರೆ ಅಳು.

ಹಾಸಿಗೆ ಉದ್ದಕ್ಕೆ ತಿರುಗಿತಲ್ಲ, ಈಗ ಅದು ಅರ್ಧ ವ್ಯಾನನ್ನು ನುಂಗುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು ಯಾರೋ ಎಸೆಯಲು ಇಟ್ಟಿದ್ದ ಹಳೆಯ ಮಂಚದಿಂದ. ಅದರ ಅಡ್ಡಪಟ್ಟಿಗಳನ್ನು ಬಿಚ್ಚಿ ತಂದೆವು. ಒಂದು ಬಿಟ್ಟು ಒಂದು ಪಟ್ಟಿಯನ್ನು ಗೋಡೆ ಕಡೆಯ ಚೌಕಟ್ಟಿಗೆ, ಉಳಿದವನ್ನು ಮುಂದಕ್ಕೆ ಎಳೆಯುವ ಚೌಕಟ್ಟಿಗೆ ಹೊಡೆದೆವು. ಎರಡು ಕೈಯ ಬೆರಳುಗಳನ್ನು ಹೆಣೆದು ನಿಧಾನಕ್ಕೆ ಎಳೆದಂತೆ. ಹಗಲು 60 ಸೆಂಟಿಮೀಟರ್ ಅಗಲದ ಬೆಂಚು, ರಾತ್ರಿ 115 ಸೆಂಟಿಮೀಟರ್ ಹಾಸಿಗೆ. ಹಳೆಯ ಫೋಮ್ ಹಾಸಿಗೆಯನ್ನೇ ಎರಡಾಗಿ ಕತ್ತರಿಸಿ ಮೇಲೆ ಹಾಕಿದ್ದು. ಪಟ್ಟಿಗಳ ನಡುವೆ ಸಂದು ಇರುವುದರಿಂದ ಅಡಿಗೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದಿಲ್ಲ. ವ್ಯಾನಿನಲ್ಲಿ ನನಗೆ ಹೆಮ್ಮೆ ಎನಿಸುವ ಒಂದು ವಸ್ತು ಇದ್ದರೆ ಇದೇ. ಖರ್ಚು ಬರೀ ಸ್ಕ್ರೂಗಳದ್ದು.

ಬಿಟ್ಟಿ ಸಿಕ್ಕಿದ್ದೆಲ್ಲ ಹೀಗೆ ಒಳ್ಳೆಯದಾಗಲಿಲ್ಲ. ಪರಿಚಯದವರು ಕೊಟ್ಟ ಒಂದು ಕಪಾಟನ್ನು ಖುಷಿಯಿಂದ ಕೂರಿಸಿದೆವು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ. ಕಲ್ಲಿನ ತೂಕ. ಮೂರು ತಿಂಗಳಿಗೆ ತೇವ ಹೀರಿ ಅಂಚುಗಳು ಊದಿಕೊಂಡವು, ಸ್ಕ್ರೂ ಹಿಡಿಯದೆ ಬಾಗಿಲು ಕಳಚಿ ಬಿತ್ತು. ಅದನ್ನು ಗುಜರಿಗೆ ಹಾಕಿ 9 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಹೊಸದು ಮಾಡಿಕೊಂಡೆವು.

ಇನ್ನು ಕರೆಂಟಿನ ವಿಷಯ. ನಮ್ಮ ದುಡ್ಡು, ಜಗಳ ಎರಡೂ ಜಾಸ್ತಿ ಆಗಿದ್ದು ಇಲ್ಲೇ.

ತಮ್ಮ ಮೊದಲು ಒಂದು ಲೆಕ್ಕ ಬರೆಸಿದ. ನಾಲ್ಕು ದೀಪ, ಒಂದೊಂದೂ 3 ವಾಟ್, ದಿನಕ್ಕೆ 4 ಗಂಟೆ: 48 ವಾಟ್‌ಅವರ್. 10 ವಾಟಿನ ಸಣ್ಣ ಫ್ಯಾನು 8 ಗಂಟೆ: 80. ಎರಡು ಫೋನಿಗೆ 30, ಲ್ಯಾಪ್‌ಟಾಪಿಗೆ 60. ಒಟ್ಟು 218. "ಈಗ ಫ್ರಿಜ್ ಸೇರಿಸು" ಅಂದ. ಕಂಪ್ರೆಸರ್ ಇರುವ 12 ವೋಲ್ಟಿನ ಸಣ್ಣ ಫ್ರಿಜ್ 45 ವಾಟ್. ಬಿಟ್ಟು ಬಿಟ್ಟು ಓಡುತ್ತದೆ, ದಿನಕ್ಕೆ ಒಟ್ಟು ಹತ್ತು ಗಂಟೆ ಅಂದುಕೊಂಡರೂ 450. ಉಳಿದದ್ದೆಲ್ಲ ಸೇರಿದರೂ ಅದರ ಅರ್ಧದಷ್ಟಾಗುವುದಿಲ್ಲ. ಅಂದರೆ ನಾವು ಕೊಳ್ಳಬೇಕಾಗಿದ್ದ ಬ್ಯಾಟರಿ ಫ್ರಿಜ್ಜಿಗೇ ಹೊರತು ನಮಗಲ್ಲ. ಮೊದಲ ಕೆಲವು ತಿಂಗಳು ಫ್ರಿಜ್ ಇಲ್ಲದೆ ಐಸ್ ಡಬ್ಬಿಯಲ್ಲೇ ಕಳೆದೆವು.

ಬ್ಯಾಟರಿಯಲ್ಲಿ ನಾನು ಜಾಣತನ ಮಾಡಲು ಹೋದೆ. ಒಂದು ಆಫೀಸಿನ ಯುಪಿಎಸ್‌ನಿಂದ ಬಿಚ್ಚಿದ 100 ಆಂಪ್‌ಅವರ್ ಲೆಡ್ ಆಸಿಡ್ ಬ್ಯಾಟರಿ ಕಾಲು ಬೆಲೆಗೆ ಸಿಕ್ಕಿತು. ಮೀಟರ್ ಇಟ್ಟರೆ 12.7 ವೋಲ್ಟ್ ತೋರಿಸಿತು, ಅಂದರೆ ಪೂರ್ತಿ ಚಾರ್ಜ್. "ಅಕ್ಕಾ, ವೋಲ್ಟ್ ನೋಡಿ ಬ್ಯಾಟರಿ ತಗೋಬೇಡ. ಲೋಡ್ ಕೊಟ್ಟು ನೋಡು" ಅಂದ ತಮ್ಮ. ನಾನು ಕೇಳಲಿಲ್ಲ. ಲೆಡ್ ಆಸಿಡ್ ಬ್ಯಾಟರಿ ಬಹಳ ದಿನ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ 12 ವೋಲ್ಟನ್ನು 100 ಆಂಪ್‌ಅವರ್‌ನಿಂದ ಗುಣಿಸಿ 1,200 ವಾಟ್‌ಅವರ್ ಅಂದುಕೊಂಡರೂ ಕೈಗೆ ಸಿಗುವುದು 600. ನನ್ನ ಬ್ಯಾಟರಿ ಅಷ್ಟನ್ನೂ ಕೊಡುತ್ತಿರಲಿಲ್ಲ. ಸಂಜೆ ಚೆನ್ನಾಗಿ ಕಾಣುತ್ತಿತ್ತು. ಎರಡು ದೀಪ, ಒಂದು ಫ್ಯಾನು ಹಾಕಿದರೆ ನಡುರಾತ್ರಿಗೆ 11 ವೋಲ್ಟ್. ಐದನೇ ತಿಂಗಳಿಗೆ ಪೂರ್ತಿ ಕೈಕೊಟ್ಟಿತು.

ಆಮೇಲೆ ಸಾಲ ಮಾಡಿ ಹೊಸ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದದ್ದು. ಅದೇ 100 ಆಂಪ್‌ಅವರ್, ತೂಕ ಅರ್ಧಕ್ಕಿಂತ ಕಡಿಮೆ, ಎಂಬತ್ತು ಭಾಗ ಧೈರ್ಯವಾಗಿ ಬಳಸಬಹುದು. ಶೂನ್ಯ ಡಿಗ್ರಿಗಿಂತ ತಣ್ಣಗಿರುವಾಗ ಮಾತ್ರ ಚಾರ್ಜ್ ಮಾಡಬಾರದು. ಇದರ ವೋಲ್ಟೇಜ್ ಬಹಳ ಹೊತ್ತು 13ರ ಆಸುಪಾಸಿನಲ್ಲೇ ನಿಂತಿರುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಊಹಿಸಲಾಗದು. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಎಣಿಸುವ ಮೀಟರ್ ಬೇಕಾಯಿತು. ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಟ್ಟವಳು ನಾನು. ಚೀಟಿಯಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದದ್ದು ನಮ್ಮನೆಯವರು.

ಸೋಲಾರ್ ಹಲಗೆಯಲ್ಲಿ ಮಾತ್ರ ಅದೃಷ್ಟ ಚೆನ್ನಾಗಿತ್ತು. ಮನೆಯೊಂದರ ಛಾವಣಿಯಿಂದ ಇಳಿಸಿದ 250 ವಾಟಿನ ಹಳೆಯ ಹಲಗೆ ಸಿಕ್ಕಿತು. ಅದು ಕೆಲಸ ಮಾಡುವುದು ಸುಮಾರು 31 ವೋಲ್ಟ್, 8 ಆಂಪ್‌ನಲ್ಲಿ. ಹಲಗೆಯಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡಲು ನಡುವೆ ಒಂದು ಕಂಟ್ರೋಲರ್ ಬೇಕು. ಅಗ್ಗದ ಪಿಡಬ್ಲ್ಯುಎಂ ಬಗೆಯದನ್ನು ಹಾಕಿದರೆ ಅದು ಹಲಗೆಯನ್ನು ಬ್ಯಾಟರಿಯ 13 ವೋಲ್ಟಿಗೆ ಎಳೆದು ಕೂರಿಸುತ್ತದೆ. 13ನ್ನು 8ರಿಂದ ಗುಣಿಸಿ ನೋಡಿ, 104 ವಾಟ್. ಅರ್ಧಕ್ಕಿಂತ ಹೆಚ್ಚು ಬಿಸಿಲು ವ್ಯರ್ಥ. ಎಂಪಿಪಿಟಿ ಬಗೆಯ ಕಂಟ್ರೋಲರ್ ಆ ಹೆಚ್ಚಿನ ವೋಲ್ಟನ್ನು ಆಂಪ್ ಆಗಿ ಬದಲಾಯಿಸಿ ಕೊಡುತ್ತದೆ. ಹಳೆಯ ಹಲಗೆಯಲ್ಲಿ ಉಳಿಸಿದ್ದನ್ನು ಕಂಟ್ರೋಲರ್ ಮೇಲೆ ಸುರಿದೆವು. ಅದಕ್ಕೆ ಇವತ್ತಿಗೂ ಬೇಸರವಿಲ್ಲ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಹಲಗೆ. ಬಿಚ್ಚುವಾಗ ಉಲ್ಟಾ.

ವೈರಿನ ದಪ್ಪದ ಬಗ್ಗೆ ತಮ್ಮನ ಜೊತೆ ಸರಿಯಾಗಿ ಜಗಳವಾಯಿತು. ಅವನು ಬರೆದುಕೊಟ್ಟ ಪಟ್ಟಿಯಲ್ಲಿ ಫ್ರಿಜ್ಜಿಗೆ 6 ಚದರ ಮಿಲಿಮೀಟರ್ ವೈರ್ ಇತ್ತು. ಮನೆಯಲ್ಲಿ 1.5ರ ಸುರುಳಿ ಸುಮ್ನೆ ಬಿದ್ದಿತ್ತು. 45 ವಾಟಿಗೆ ಇಷ್ಟು ದಪ್ಪ ಯಾಕೆ ಅಂತ ನಾನು ಅದನ್ನೇ ಎಳೆದೆ. ಸೆಕೆಂಡ್ ಹ್ಯಾಂಡ್ ಫ್ರಿಜ್ ಬಂದ ದಿನ ಆನ್ ಮಾಡಿದರೆ ಒಂದು ಸಲ ಗುರ್ ಅಂದು ನಿಂತುಹೋಯಿತು. ಮತ್ತೆ ಗುರ್, ಮತ್ತೆ ನಿಲುಗಡೆ. ಮಾರಿದವರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ತಮ್ಮ ಬಂದು ಕಾಗದ ತೆಗೆದ. ಬ್ಯಾಟರಿಯಿಂದ ಫ್ರಿಜ್ಜಿಗೆ 6 ಮೀಟರ್, ಹೋಗಿ ಬರುವುದು ಸೇರಿ 12. 1.5ರ ತಾಮ್ರದಲ್ಲಿ 4 ಆಂಪ್ ಹರಿದರೆ ದಾರಿಯಲ್ಲೇ ಅರ್ಧ ವೋಲ್ಟಿಗಿಂತ ಜಾಸ್ತಿ ಸೋರಿಹೋಗುತ್ತದೆ. ಕಂಪ್ರೆಸರ್ ಎದ್ದೇಳುವ ಗಳಿಗೆಯಲ್ಲಿ ಇನ್ನೂ ಹೆಚ್ಚು ಎಳೆಯುತ್ತದೆ. ಆಗ ಫ್ರಿಜ್ಜು ಬ್ಯಾಟರಿ ಖಾಲಿಯಾಗಿದೆ ಅಂದುಕೊಂಡು ತಾನೇ ಆಫ್ ಆಗುತ್ತದೆ. 6ರ ವೈರಿನಲ್ಲಿ ಅದೇ ನಷ್ಟ 0.14 ವೋಲ್ಟ್. ಎರಡು ಕಪಾಟು ಬಿಚ್ಚಿ, ವೈರ್ ಬದಲಿಸಿ, ಮತ್ತೆ ಜೋಡಿಸಿದ್ದು ಒಂದಿಡೀ ದಿನ. ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಫ್ಯೂಸಿನ ವಿಷಯದಲ್ಲಿ ಮಾತ್ರ ಅವನು ಒಂದಿಂಚೂ ಬಿಟ್ಟುಕೊಡಲಿಲ್ಲ. 12 ವೋಲ್ಟ್ ಅಲ್ವಾ, ಶಾಕ್ ಹೊಡೆಯಲ್ಲ ಅಂದೆ. "ಶಾಕ್ ಹೊಡೆಯಲ್ಲ ಅಕ್ಕಾ, ಬೆಂಕಿ ಹೊತ್ತುತ್ತೆ" ಅಂದ. ಬ್ಯಾಟರಿಯ ಎರಡು ತುದಿ ನೇರ ಕೂಡಿದರೆ ನೂರಾರು ಆಂಪ್ ಹರಿಯುತ್ತದೆ, ವೈರು ಕೆಂಪಗೆ ಕಾಯುತ್ತದೆ. ಫ್ಯೂಸ್ ಇರುವುದು ಫ್ರಿಜ್ ಉಳಿಸುವುದಕ್ಕಲ್ಲ, ವೈರ್ ಉಳಿಸುವುದಕ್ಕೆ. ಅದಕ್ಕೇ ಮುಖ್ಯ ಫ್ಯೂಸು ಬ್ಯಾಟರಿಗೆ ಅಂಟಿಕೊಂಡಂತೆ, ಒಂದು ಗೇಣಿನೊಳಗೆ ಇರಬೇಕು. ಆಮೇಲೆ ಒಂದೊಂದು ದಾರಿಗೂ ಅದರ ವೈರಿನ ದಪ್ಪಕ್ಕೆ ತಕ್ಕ ಸಣ್ಣ ಫ್ಯೂಸು.

ಮೂರನೇ ಪ್ರಯಾಣದಲ್ಲಿ ಹಿಂದಿನ ದೀಪಗಳು ಒಮ್ಮೆಲೇ ಆರಿದವು. ನೋಡಿದರೆ ಹತ್ತು ಆಂಪಿನ ಫ್ಯೂಸು ಸುಟ್ಟಿದೆ. ಹೊಸದು ಹಾಕಿದೆ, ಅದೂ ಹೋಯಿತು. ಪ್ಲೈವುಡ್ ಬಿಚ್ಚಿ ನೋಡಿದಾಗ ಕಾರಣ ಕಂಡಿತು. ಉಕ್ಕಿನ ಪಕ್ಕೆಲುಬಿನ ತೂತಿನ ಮೂಲಕ ವೈರ್ ಎಳೆಯುವಾಗ ಒಂದು ಕಡೆ ರಬ್ಬರ್ ಗ್ರೋಮೆಟ್ ಹಾಕಲು ಮರೆತಿದ್ದೆ. ಗಾಡಿಯ ಅದುರಿಗೆ ತಗಡಿನ ಅಂಚು ವೈರಿನ ಮೇಲ್ಪದರವನ್ನು ಕತ್ತಿಯಂತೆ ಕೊಯ್ದಿತ್ತು. ತಾಮ್ರ ನೇರವಾಗಿ ಗಾಡಿಯ ತಗಡಿಗೆ ತಾಗುತ್ತಿತ್ತು. ಆ ಫ್ಯೂಸ್ ಇಲ್ಲದೆ ಹೋಗಿದ್ದರೆ ಪ್ಲೈವುಡ್ ಮತ್ತು ಫೋಮಿನ ನಡುವೆ, ನಾವು ಮಲಗುವ ತಲೆದಿಂಬಿನ ಪಕ್ಕದಲ್ಲಿ, ಅದು ಉರಿಯುತ್ತಿತ್ತು. ರಬ್ಬರಿನ ಆ ಪುಟ್ಟ ಬಳೆ ನಾವು ಕೊಂಡ ಸಾಮಾನುಗಳಲ್ಲೆಲ್ಲ ಅಗ್ಗದ್ದು.

ಗ್ಯಾಸಿನ ಪೈಪು ವ್ಯಾನಿನೊಳಗೆ ಎಳೆಯುವ ಧೈರ್ಯ ಬರಲಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಶೇಖರವಾಗುತ್ತದೆ. ಸಣ್ಣ ಡಬ್ಬಿಯ ಒಲೆ ಇಟ್ಟುಕೊಂಡು, ಹಿಂದಿನ ಬಾಗಿಲು ತೆಗೆದು ಹೊರಗೇ ಅಡುಗೆ ಮಾಡುತ್ತೇವೆ. ಇನ್ನೊಂದು ಕಾರಣವೂ ಇದೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ನಮ್ಮ ಉಸಿರಿನದ್ದೇ ಸಾಕಾಗಿತ್ತು! ಚಳಿ ಅಂತ ಒಲೆ ಹಚ್ಚಿಟ್ಟು ಮಲಗುವುದು ಸಾವನ್ನು ಕರೆದಂತೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆ ಮಾಡುವ ಅಲಾರಂ ತಲೆದಿಂಬಿನ ಎತ್ತರಕ್ಕೆ ಇದೆ, ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ ಇದೆ. ನೀರಿಗೆ 20 ಲೀಟರಿನ ಎರಡು ಕ್ಯಾನು, ಕಾಲಿನಿಂದ ಒತ್ತುವ ಪಂಪು. ಬಳಸಿದ ನೀರಿಗೆ ಇನ್ನೊಂದು ಕ್ಯಾನು. ಕೆಟ್ಟುಹೋಗಲು ಅದರಲ್ಲಿ ಏನೂ ಇಲ್ಲ.

ಎಲ್ಲ ಮುಗಿಸಿ ಮೊದಲ ಸಲ ರಸ್ತೆಗಿಳಿಸಿದಾಗ ಹಿಂದಿನಿಂದ ಪಾತ್ರೆ ಅಂಗಡಿ ಉರುಳಿದ ಸದ್ದು. ಒಂದೇ ಬ್ರೇಕಿಗೆ ಎಲ್ಲ ಡ್ರಾಯರುಗಳೂ ಹೊರಗೆ ಬಂದವು. ಮನೆಯ ಪೀಠೋಪಕರಣ ಒಂದು ಕಡೆ ನಿಂತಿರುತ್ತದೆ. ವ್ಯಾನಿನದ್ದು ದಿನಾ ಭೂಕಂಪದಲ್ಲಿ ಬದುಕುತ್ತದೆ. ಡ್ರಾಯರುಗಳಿಗೆ ಚಿಲಕ, ಪಾತ್ರೆಗಳ ನಡುವೆ ಬಟ್ಟೆ, ಮುಖ್ಯ ಜಾಗಗಳಲ್ಲಿ ಸ್ಕ್ರೂ ತೆಗೆದು ಅದುರಿಗೆ ಸಡಿಲವಾಗದ ನೈಲಾನ್ ಬಳೆಯ ನಟ್ಟು. ಎರಡು ತಿಂಗಳು ಪ್ರತಿ ಪ್ರಯಾಣದ ನಂತರ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬರುತ್ತಿದ್ದೆ.

ವೇಬ್ರಿಡ್ಜಿಗೆ ಹೋದದ್ದು ಕೊನೆಯ ಪರೀಕ್ಷೆ. ಪ್ರತಿ ಗಾಡಿಗೂ ಒಟ್ಟು ತೂಕದ ಮಿತಿ ಇರುತ್ತದೆ, ಬಾಗಿಲ ಹತ್ತಿರದ ತಗಡಿನ ಪಟ್ಟಿಯಲ್ಲೋ ದಾಖಲೆಯಲ್ಲೋ ಬರೆದಿರುತ್ತದೆ. ನಮ್ಮದರ ಮಿತಿ 2,600 ಕಿಲೋ. 12 ಮಿಲಿಮೀಟರ್ ಪ್ಲೈವುಡ್‌ನ ಒಂದು ಪೂರ್ತಿ ಹಾಳೆಯೇ 20 ಕಿಲೋ ತೂಗುತ್ತದೆ, 18ರದ್ದು 30ರ ಮೇಲೆ. ನೀರು, ಬಟ್ಟೆ, ನಾವಿಬ್ಬರು ಎಲ್ಲ ಸೇರಿ 2,390 ಬಂತು. ಆ ಕಪಾಟನ್ನು ಗುಜರಿಗೆ ಹಾಕಿದ್ದು ಒಳ್ಳೆಯದೇ ಆಯಿತು ಅನ್ನಿಸಿತು. ಮಿತಿ ದಾಟಿದರೆ ಬ್ರೇಕ್ ಹಿಡಿಯುವುದು ತಡ, ಅಪಘಾತವಾದರೆ ವಿಮೆಯವರೂ ಕೈಯೆತ್ತಬಹುದು. ಗಾಡಿಯ ಸ್ವರೂಪ ಬದಲಾಯಿಸಿದ್ದನ್ನು ದಾಖಲೆಯಲ್ಲಿ, ವಿಮೆಯಲ್ಲಿ ತಿಳಿಸುವ ಕೆಲಸವನ್ನು ಮರ ಕತ್ತರಿಸುವ ಮೊದಲೇ ವಿಚಾರಿಸಿಕೊಂಡಿರಬೇಕು. ನಾವು ಮಧ್ಯದಲ್ಲಿ ವಿಚಾರಿಸಿ, ಹಿಂದೆ ಕೂರುವ ಸೀಟಿನ ಯೋಚನೆ ಬಿಟ್ಟೆವು. ಬೆಲ್ಟಿಲ್ಲದ ಬೆಂಚಿನಲ್ಲಿ ಓಡುವ ಗಾಡಿಯಲ್ಲಿ ಯಾರೂ ಕೂರುವ ಹಾಗಿಲ್ಲ.

ಹತ್ತು ಪಾಲು ಕೊನೆಗೆ ಹನ್ನೆರಡೂವರೆ ಆಯಿತು. ನೋಡಲು ಬಂದವರು ಹಾಸಿಗೆ ಎಳೆದು ನೋಡುತ್ತಾರೆ, ದೀಪ ಹಾಕಿ ನೋಡುತ್ತಾರೆ. ಅವೆರಡಕ್ಕೂ ಸೇರಿ ಖರ್ಚಾದದ್ದು ಅರ್ಧ ಪಾಲೂ ಅಲ್ಲ. ಕಪಾಟಿನ ಒಂದು ಬಾಗಿಲಿಗೆ ಇನ್ನೂ ಹಿಡಿ ಹಾಕಿಲ್ಲ, ದಾರ ಕಟ್ಟಿದ್ದೇವೆ. ನಮ್ಮನೆಯವರ ತಲೆಯ ಮೇಲಿನ ಪಕ್ಕೆಲುಬಿಗೆ ಫೋಮ್ ಸಾಲದೆ ಅಷ್ಟು ಜಾಗ ಬರಿದಾಗಿ ಉಳಿದಿದೆ. ಚಳಿಯ ರಾತ್ರಿ ಅದು ಈಗಲೂ ಬೆವರುತ್ತದೆ. ಅಲ್ಲೊಂದು ಹಳೆಯ ಟವೆಲ್ ಸಿಕ್ಕಿಸಿದ್ದೇನೆ. ಬೆಳಗ್ಗೆ ಎದ್ದವರು ಹಿಂಡಿ ಒಣಹಾಕಬೇಕು ಅಂತ ನಿಯಮ. ಅವರು ನನಗಿಂತ ಮೊದಲು ಏಳುವುದನ್ನೇ ನಿಲ್ಲಿಸಿದ್ದಾರೆ.